ಶಾಲಾ ಗ್ರಂಥಾಲಯ ಮತ್ತು ಗಣಕಯಂತ್ರ: ದಕ್ಷಿಣ ಕನ್ನಡದ ಮೂರು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗ್ರಂಥಾಲಯದ ಅವಧಿ ಇರುವುದು ವಾಡಿಕೆ. ಪರೀಕ್ಷೆ ಸಮೀಪಿಸಿದೊಡನೆ ಆ ಅವಧಿ ಗಣಿತಕ್ಕೋ ಇಂಗ್ಲಿಷಿಗೋ ಸಂದುಹೋಗುವುದೂ ವಾಡಿಕೆಯೇ. ಪುಸ್ತಕಗಳು ಗಾಜಿನ ಬಾಗಿಲಿನ ಬೀರುಗಳಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತವೆ. ಬೀಗದ ಕೈ ಒಬ್ಬ ಅಧ್ಯಾಪಕರ ಮೇಜಿನ ಖಾನೆಯಲ್ಲಿರುತ್ತದೆ. ಆ ಅಧ್ಯಾಪಕರಿಗೆ ದಿನವೂ ಐದಾರು ತರಗತಿಗಳಿರುತ್ತವೆ. ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸಬೇಕಾದವರು ಅವರೇ ಆದುದರಿಂದ, ಬೀಗ ಹಾಕಿ ಇಟ್ಟುದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ಇಂತಹ ಗ್ರಂಥಾಲಯಕ್ಕೆ ದಾನಿಗಳ ಔದಾರ್ಯದಿಂದ ನಾಲ್ಕಾರು ಗಣಕಯಂತ್ರಗಳು ಬಂದರೆ ಏನಾಗುತ್ತದೆ? ಅನೇಕ ಕಡೆ ಆಗಿರುವುದು ಇಷ್ಟೇ: ಬೀರುವಿನ ಬೀಗದ ಜೊತೆಗೆ ಗಣಕಯಂತ್ರದ ಕೋಣೆಗೂ ಒಂದು ಬೀಗ ಬಿದ್ದಿದೆ.

ಆದುದರಿಂದ ಯಂತ್ರವನ್ನು ಕೊಳ್ಳುವುದು ಹೇಗೆಂಬುದಕ್ಕಿಂತ, ಯಂತ್ರದ ಮುಂದೆ ಕುಳಿತ ಬಾಲಕನು ಅಥವಾ ಬಾಲಕಿಯು ಅಲ್ಲಿಂದ ಎದ್ದು ಪುಸ್ತಕದ ಕಪಾಟಿನ ಬಳಿಗೆ ಹೋಗುವಂತೆ ಮಾಡುವುದು ಹೇಗೆಂಬುದೇ ಇಲ್ಲಿ ವಿಚಾರ ಮಾಡಬೇಕಾದ ಪ್ರಶ್ನೆ. ಇದನ್ನು ಗಾಳಿಯಲ್ಲಿ ಚರ್ಚಿಸುವ ಬದಲು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಹಿಂದೆ ಮಂಗಳೂರು ತಾಲ್ಲೂಕಿಗೆ ಸೇರಿದ್ದ ಮೂಡುಬಿದಿರೆ ಇದೀಗ ಸ್ವತಂತ್ರ ತಾಲ್ಲೂಕು. ಗ್ರಂಥವನ್ನು ಕಾಪಾಡುವ ವಿಷಯದಲ್ಲಿಯೂ, ಮಕ್ಕಳಿಗಾಗಿ ಗ್ರಂಥ ಬರೆಯುವ ವಿಷಯದಲ್ಲಿಯೂ ಈ ನೆಲಕ್ಕೆ ದೀರ್ಘವಾದ ಅನುಭವವುಂಟು. ಹೊಸ ಯಂತ್ರದ ವಿಷಯದಲ್ಲಿ ಆ ಹಳೆಯ ಅನುಭವ ಕಲಿಸುವ ಪಾಠ ಸಣ್ಣದಲ್ಲ.

ಮೂಡುಬಿದಿರೆಯ ತಾಡಪತ್ರಗಳು

ಮೂಡುಬಿದಿರೆ ಎಂದೊಡನೆ ೧೪೩೦ರಲ್ಲಿ ಕಟ್ಟಿಸಿದ ಸಾವಿರ ಕಂಬದ ಬಸದಿ ನೆನಪಾಗುವುದು ಸಹಜ. ವಿದ್ವತ್ ಪ್ರಪಂಚದಲ್ಲಿ ಆ ಊರಿಗಿರುವ ಹೆಸರಿಗೆ ಕಾರಣ ಬೇರೆ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಡಪತ್ರ ಪ್ರತಿಗಳು ಶತಮಾನಗಳ ಕಾಲ ಭದ್ರವಾಗಿ ಉಳಿದುಬಂದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ; ಲಿಪಿ ಹಳಗನ್ನಡ. ವೀರಸೇನಾಚಾರ್ಯರ ಧವಲಾ ಟೀಕೆ ಒಂಬತ್ತನೆಯ ಶತಮಾನದ ಆದಿಭಾಗದ್ದು. ಅವರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಿಷ್ಯರಾದ ಜಿನಸೇನರು ಪೂರ್ಣಗೊಳಿಸಿದರು. ಬೇರೆಲ್ಲಿಯೂ ದೊರೆಯದ ಈ ಗ್ರಂಥಗಳನ್ನು ಯಾತ್ರಿಕರು ದೂರದಿಂದ ಕಂಡು ಕೈಮುಗಿದು ಹೋಗುತ್ತಿದ್ದರು. ಓದುವವರು ಮಾತ್ರ ಇರಲಿಲ್ಲವೆನ್ನುವಷ್ಟು ವಿರಳ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ರತಿ ತೆಗೆಯುವ ಕಾರ್ಯ ಆರಂಭವಾಯಿತು. ಅದು ಮುಗಿಯಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಒಂದು ಪ್ರತಿಯಿಂದ ಮತ್ತೊಂದು ಪ್ರತಿಯಾಗಿ ಗ್ರಂಥ ಉತ್ತರದ ಊರುಗಳನ್ನು ತಲುಪಿತು. ಕೊನೆಗೆ ಪ್ರೊಫೆಸರ್ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಟೀಕೆಯ ಮೊದಲ ಸಂಪುಟ ೧೯೩೯ರಲ್ಲಿ ಮುದ್ರಣವಾಗಿ ಹೊರಬಂದಿತು. ಹದಿನಾರು ಸಂಪುಟಗಳು ಮುಗಿಯುವಾಗ ಮತ್ತೆ ಸುಮಾರು ಇಪ್ಪತ್ತು ವರ್ಷಗಳು ಕಳೆದಿದ್ದವು. ಅಂದರೆ ಗರಿಗಳನ್ನು ಹುಳ, ನೀರು, ಬೆಂಕಿಗಳಿಂದ ಕಾಪಾಡಿದ್ದು ಒಂದು ಪುಣ್ಯಕಾರ್ಯ. ಅವುಗಳನ್ನು ಓದುಗನ ಕೈಗೆ ತಲುಪಿಸಿದ್ದು ಮತ್ತೊಂದು, ಬೇರೆಯೇ ಆದ ಕಾರ್ಯ. ಮೊದಲನೆಯದು ನಡೆದ ಮಾತ್ರಕ್ಕೆ ಎರಡನೆಯದು ತಾನಾಗಿ ನಡೆಯಲಿಲ್ಲ.

ಇವೆರಡರ ನಡುವೆ ಇನ್ನೊಂದು ಕೆಲಸವಿದೆ. ಯಾವ ಭಂಡಾರದಲ್ಲಿ ಯಾವ ಗ್ರಂಥವಿದೆಯೆಂದು ತಿಳಿಯದೆ ಓದುಗನು ಕೇಳುವುದಾದರೂ ಏನನ್ನು? ಮೂಡುಬಿದಿರೆಯಲ್ಲಿ ನೆಲೆಸಿದ್ದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಅಲ್ಲಿಯ ಮತ್ತು ಸುತ್ತಲಿನ ಜೈನ ಭಂಡಾರಗಳ ತಾಡಪತ್ರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ಸಿದ್ಧಪಡಿಸಿದ ಗ್ರಂಥಸೂಚಿಯನ್ನು ಭಾರತೀಯ ಜ್ಞಾನಪೀಠವು ೧೯೪೮ರಲ್ಲಿ ಪ್ರಕಟಿಸಿತು. ಸೂಚಿಯೆಂದರೆ ಒಣ ಪಟ್ಟಿಯೆಂದು ತಿಳಿಯುವವರು ಹೆಚ್ಚು. ಆದರೆ ನೂರಾರು ಮೈಲಿ ದೂರದ ವಿದ್ವಾಂಸನಿಗೆ ಭಂಡಾರದ ಬಾಗಿಲು ತೆರೆದದ್ದು ಆ ಒಣ ಪಟ್ಟಿಯೇ.

ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ ೧೯೩೧ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ಅವರು ಮೊದಲನೆಯ ಸ್ಥಾನವನ್ನು ಕೊಟ್ಟುದು ಪುಸ್ತಕದ ಬಳಕೆಗೆ, ರಕ್ಷಣೆಗಲ್ಲ. ಈ ಮಹನೀಯರು ತಮ್ಮ ಅಧ್ಯಾಪಕ ವೃತ್ತಿಯನ್ನು ೧೯೧೭ರಲ್ಲಿ ಆರಂಭಿಸಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಗಣಿತದ ಉಪನ್ಯಾಸಕರಾಗಿ, ಎಂಬುದು ಜಿಲ್ಲೆಯವರಲ್ಲಿಯೂ ಬಹುಮಂದಿಗೆ ತಿಳಿಯದ ಸಂಗತಿ.

ಸೂಚಿಯೇ ಮೊದಲ ಮೆಟ್ಟಿಲು

ಶಾಲಾ ಗ್ರಂಥಾಲಯದಲ್ಲಿ ಗಣಕಯಂತ್ರದ ಮೊದಲ ಉಪಯೋಗವೂ ಸೂಚಿಯೇ ಆಗಬೇಕು. ಚಲನಚಿತ್ರಗಳು, ಬಣ್ಣದ ಚಿತ್ರಪುಸ್ತಕಗಳು, ರಸಪ್ರಶ್ನೆಗಳು ಎಲ್ಲವೂ ಅದರ ಅನಂತರದವು. ದಾಖಲಾತಿ ವಹಿಯಲ್ಲಿ ಪುಸ್ತಕಗಳನ್ನು ಬಂದ ಕ್ರಮದಲ್ಲಿ ಬರೆದಿರುತ್ತಾರೆ. ಹಾವುಗಳ ವಿಷಯ ತಿಳಿಯಬಯಸುವ ಏಳನೆಯ ತರಗತಿಯ ಹುಡುಗನಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಅದೇ ವಿವರವನ್ನು ಗಣಕಯಂತ್ರಕ್ಕೆ ಊಡಿಸಿದರೆ ‘ಹಾವು’ ಎಂದು ಬರೆದೊಡನೆ ಕಪಾಟಿನ ಸಂಖ್ಯೆಯೊಡನೆ ಪುಸ್ತಕಗಳ ಹೆಸರುಗಳು ತೆರೆಯ ಮೇಲೆ ಬರುತ್ತವೆ. ಇದಕ್ಕಾಗಿ ಹಣ ಕೊಟ್ಟು ತಂತ್ರಾಂಶ ಕೊಳ್ಳಬೇಕಾಗಿಲ್ಲ. ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ ಸಂಸ್ಥೆಗಾಗಿ ಸಿದ್ಧವಾಗಿ ೨೦೦೦ದಲ್ಲಿ ಬಳಕೆಗೆ ಬಂದ ‘ಕೋಹಾ’ ಎಂಬ ತಂತ್ರಾಂಶ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಅಲ್ಲಿಯ ಮಾವೊರಿ ಜನರ ಭಾಷೆಯಲ್ಲಿ ಆ ಶಬ್ದಕ್ಕೆ ಕಾಣಿಕೆ ಎಂದು ಅರ್ಥ. ಭಾರತ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ‘ಇ-ಗ್ರಂಥಾಲಯ’ವೂ ಉಂಟು. ಸಾವಿರ ಪುಸ್ತಕಗಳ ಶಾಲೆಗೆ ಸಾಮಾನ್ಯವಾದ ಕೋಷ್ಟಕದ ಕಡತವೂ ಸಾಕು.

ತೊಡಕು ಇರುವುದು ಬೇರೆ ಕಡೆ. ಕನ್ನಡ ಪುಸ್ತಕಗಳ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಊಡಿಸುವ ಪದ್ಧತಿ ಹಲವು ಗ್ರಂಥಾಲಯಗಳಲ್ಲಿ ಬೇರೂರಿದೆ. ‘ಕಾರಂತ’ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಬಗೆಯಾಗಿ ಬರೆಯಬಹುದು. ಊಡಿಸಿದವರು ಒಂದು ಬಗೆ, ಹುಡುಕುವ ಮಗು ಮತ್ತೊಂದು ಬಗೆ. ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲವೆಂಬ ಉತ್ತರ ಬರುತ್ತದೆ. ಕನ್ನಡಕ್ಕೆ ಯೂನಿಕೋಡ್ ಸಂಕೇತದಲ್ಲಿ ೧೯೯೧ರಷ್ಟು ಹಿಂದೆಯೇ ಸ್ಥಾನ ದೊರೆತಿದೆ. ಕನ್ನಡವನ್ನು ಸುಲಭವಾಗಿ ಬೆರಳಚ್ಚು ಮಾಡುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದವರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್, ಆ ವಿನ್ಯಾಸವನ್ನೇ ರಾಜ್ಯ ಸರ್ಕಾರ ಅಧಿಕೃತವೆಂದು ಅಂಗೀಕರಿಸಿತು. ತಮ್ಮ ಜಿಲ್ಲೆಯವರೇ ಹಾಕಿಕೊಟ್ಟ ದಾರಿಯಿರುವಾಗ ಇಲ್ಲಿಯ ಶಾಲೆಗಳು ಕನ್ನಡ ಪುಸ್ತಕವನ್ನು ರೋಮನ್ ಅಕ್ಷರದಲ್ಲಿ ಹುಡುಕಬೇಕೆನ್ನುವುದು ವಿಚಿತ್ರವೇ ಸರಿ.

ವಿಷಯಸೂಚಕ ಶಬ್ದಗಳನ್ನು ಕೊಡುವಾಗ ಮಕ್ಕಳ ಮನೆಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ತಾಲ್ಲೂಕುಗಳ ಒಂದೇ ತರಗತಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ, ಮಲೆಯಾಳ ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ಗ್ರಂಥದ ಶೀರ್ಷಿಕೆಯಲ್ಲಿ ‘ಅಡಿಕೆ’ ಎಂದಿದ್ದರೆ ಸೂಚಿಯಲ್ಲಿ ‘ಅಡಕೆ’ ಎಂಬ ಊರಿನ ರೂಪವೂ, ತುಳುವಿನ ‘ಕಂಗು’ ಎಂಬ ಶಬ್ದವೂ ಇರಲಿ. ಈ ಶಬ್ದಗಳನ್ನು ಮಕ್ಕಳಿಂದಲೇ ಬರೆಯಿಸಿದರೆ ಇನ್ನೂ ಉತ್ತಮ. ಒಂದು ಪುಸ್ತಕಕ್ಕೆ ಐದು ಸೂಚಕ ಶಬ್ದಗಳನ್ನು ಕೊಡಬೇಕಾದ ವಿದ್ಯಾರ್ಥಿ ಆ ಪುಸ್ತಕದ ಪರಿವಿಡಿಯನ್ನಾದರೂ ಓದಲೇಬೇಕಾಗುತ್ತದೆ. ವರ್ಷಗಟ್ಟಲೆ ಯಾರೂ ತೆರೆಯದ ಶಿವರಾಮ ಕಾರಂತರ ವಿಜ್ಞಾನ ಪ್ರಪಂಚದ ಸಂಪುಟಗಳು ಬೀರುವಿನಿಂದ ಮೇಜಿಗೆ ಇಳಿಯಲು ಇದೊಂದು ನೆಪ.

ವಚನ ಸಂಚಯ: ಒಂದು ಪಾಠದ ಮಾದರಿ

ಸೂಚಿ ಪುಸ್ತಕದ ಹೆಸರನ್ನು ಹುಡುಕಿಕೊಡುತ್ತದೆ. ಪುಸ್ತಕದ ಒಳಗಿನ ಶಬ್ದಗಳನ್ನೂ ಹುಡುಕಬಹುದಾದರೆ ಅಧ್ಯಯನದ ಸ್ವರೂಪವೇ ಬದಲಾಗುತ್ತದೆ. ಇದಕ್ಕೆ ಕನ್ನಡದಲ್ಲಿ ದೊರೆಯುವ ಅತ್ಯುತ್ತಮ ನಿದರ್ಶನ ವಚನ ಸಾಹಿತ್ಯದ್ದು. ತಾಳೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಮನೆಮನೆ ಅಲೆದು ಸಂಗ್ರಹಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ, ಮುಂದೆ ೧೯೨೫ರಲ್ಲಿ ವಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನೇ ಸ್ಥಾಪಿಸಿದ ಡಾ. ಫ. ಗು. ಹಳಕಟ್ಟಿಯವರ ಶ್ರಮವನ್ನು ಬಲ್ಲವರಿಗೆ ಆ ಕಾರ್ಯದ ಮುಂದಿನ ಹಂತಗಳೂ ಪರಿಚಿತವೇ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹದಿನೈದು ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು. ಅನಂತರ ಓಂಶಿವಪ್ರಕಾಶ್, ಓ. ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ ಮೊದಲಾದವರ ಪರಿಶ್ರಮದಿಂದ ‘ವಚನ ಸಂಚಯ’ವೆಂಬ ಅಂತರ್ಜಾಲ ತಾಣ ರೂಪುಗೊಂಡಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಅದರಲ್ಲಿವೆ. ಯಾವುದೇ ಶಬ್ದವನ್ನು ಕೊಟ್ಟರೆ ಅದು ಬರುವ ವಚನಗಳು ವಚನಕಾರರ ಹೆಸರಿನೊಡನೆ ಕಾಣಿಸುತ್ತವೆ. ಹಿಂದೆ ವಿದ್ವಾಂಸರು ತಿಂಗಳುಗಟ್ಟಲೆ ಚೀಟಿಗಳನ್ನು ಬರೆದು ಮಾಡುತ್ತಿದ್ದ ಕೆಲಸ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಕ್ಷಣಮಾತ್ರದ್ದಾಗಿದೆ.

ಇದನ್ನು ಗ್ರಂಥಾಲಯದ ಒಂದು ಅವಧಿಯಲ್ಲಿ ಬಳಸುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬಹುದು. ವಚನಕಾರರಲ್ಲಿ ಹಲವರ ಹೆಸರಿನಲ್ಲಿಯೇ ಅವರ ಕಾಯಕ ಅಡಗಿದೆ: ಅಂಬಿಗರ ಚೌಡಯ್ಯ, ಜೇಡರ ದಾಸಿಮಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಇವರ ವಚನಗಳಲ್ಲಿ ಇವರ ಕಸುಬಿನ ಶಬ್ದಗಳು ಬರುತ್ತವೆಯೇ? ಬಂದರೆ ಕಸುಬಿನ ಅರ್ಥದಲ್ಲಿಯೇ ಬರುತ್ತವೆಯೇ? ಒಬ್ಬರ ಕಸುಬಿನ ಶಬ್ದವನ್ನು ಮತ್ತೊಬ್ಬರೂ ಬಳಸಿದ್ದಾರೆಯೇ? ತರಗತಿಯನ್ನು ಐದು ಗುಂಪುಗಳಾಗಿ ವಿಂಗಡಿಸಿ ಗುಂಪಿಗೊಬ್ಬ ವಚನಕಾರರನ್ನು ಕೊಟ್ಟು, ಗಣಕಯಂತ್ರದ ಬಳಿಗೆ ಹೋಗುವ ಮೊದಲು ಆ ಕಸುಬಿನ ಹತ್ತು ಶಬ್ದಗಳನ್ನು ಕಾಗದದ ಮೇಲೆ ಬರೆಯಲು ಹೇಳಬೇಕು. ನೇತ್ರಾವತಿಯ ದಂಡೆಯ ಬಂಟ್ವಾಳದ ಮಕ್ಕಳಿಗೆ ದೋಣಿಯ ಶಬ್ದಗಳನ್ನು ಮನೆಯ ಅಜ್ಜಂದಿರು ಹೇಳಿಯಾರು. ‘ಓಡ’ ಎಂಬ ತುಳು ಶಬ್ದವೂ ಪಟ್ಟಿಗೆ ಬರಲಿ. ಉತ್ತರವನ್ನು ಅಧ್ಯಾಪಕರು ಮುಂಚಿತವಾಗಿ ಹೇಳಕೂಡದು. ಅವರಿಗೂ ಅದು ಗೊತ್ತಿಲ್ಲದಿದ್ದರೆ ಪಾಠ ಇನ್ನಷ್ಟು ಸೊಗಸಾಗುತ್ತದೆ.

ಶಬ್ದವನ್ನು ಹುಡುಕಲು ತೊಡಗಿದೊಡನೆ ಯಂತ್ರದ ಮಿತಿಗಳೂ ಗೋಚರವಾಗುತ್ತವೆ. ‘ಹುಟ್ಟು’ ಎಂದರೆ ದೋಣಿಯನ್ನು ನಡೆಸುವ ಸಾಧನ. ಜನನವೆಂಬ ಅರ್ಥವೂ ಅದಕ್ಕುಂಟು. ಯಂತ್ರ ಎರಡನ್ನೂ ಒಂದೇ ರಾಶಿಗೆ ಹಾಕುತ್ತದೆ. ಬೇರ್ಪಡಿಸಬೇಕಾದವನು ಓದುಗ. ‘ಕಾಯಕ’ ಎಂಬ ಶಬ್ದ ಕನ್ನಡದಲ್ಲಿ ‘ಕಾಯಕವು’, ‘ಕಾಯಕವನ್ನು’, ‘ಕಾಯಕದಿಂದ’, ‘ಕಾಯಕಕ್ಕೆ’ ಎಂದು ವಿಭಕ್ತಿಗೆ ತಕ್ಕಂತೆ ರೂಪ ತಾಳುತ್ತದೆ; ಸಂಧಿಯಾದಾಗಲಂತೂ ಗುರುತು ಸಿಗದಂತೆ ಮುಂದಿನ ಶಬ್ದದಲ್ಲಿ ಕರಗುತ್ತದೆ. ಒಂದೇ ರೂಪವನ್ನು ಹುಡುಕಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿ ಬೇಸತ್ತ ವಿದ್ಯಾರ್ಥಿಗೆ, ಅವು ತಿಳಿಯದಿದ್ದರೆ ಹುಡುಕಾಟವೇ ಸಾಗದೆಂಬುದು ಇಲ್ಲಿ ಅನುಭವಕ್ಕೆ ಬರುತ್ತದೆ. ವ್ಯಾಕರಣದ ಉಪಯೋಗವನ್ನು ಇದಕ್ಕಿಂತ ನೇರವಾಗಿ ತೋರಿಸುವ ಪಾಠ ಅಪರೂಪ.

ಕೊನೆಯ ಹತ್ತು ನಿಮಿಷಗಳನ್ನು ಮುದ್ರಿತ ಸಂಪುಟಗಳಿಗೆ ಮೀಸಲಿಡಬೇಕು. ತೆರೆಯ ಮೇಲೆ ಕಂಡ ವಚನವನ್ನು ಸಂಪುಟದಲ್ಲಿ ಹುಡುಕಿ, ಪಾಠಾಂತರವಿದೆಯೇ, ಟಿಪ್ಪಣಿ ಏನು ಹೇಳುತ್ತದೆ, ಹಿಂದಿನ ಮುಂದಿನ ವಚನಗಳಾವುವು ಎಂದು ನೋಡಬೇಕು. ಹುಡುಕಿ ತೆಗೆದ ವಚನ ಒಂಟಿಯಾಗಿರುತ್ತದೆ. ಸಂಪುಟದಲ್ಲಿ ಅದಕ್ಕೆ ಒಡನಾಡಿಗಳಿರುತ್ತವೆ. ಯಂತ್ರದಿಂದ ಕಪಾಟಿಗೆ ಹೋಗುವ ಹೆಜ್ಜೆಯೆಂದರೆ ಇದೇ. ಸಂಪುಟಗಳೇ ಇಲ್ಲದ ಶಾಲೆಯಲ್ಲಿ ಈ ಪಾಠ ಅರ್ಧದಲ್ಲಿ ನಿಲ್ಲುತ್ತದೆಂಬುದನ್ನು ದಾನಿಗಳು ಗಮನಿಸಬೇಕು.

ಶಬ್ದಕೋಶಗಳಿಗೂ ಇದೇ ಕ್ರಮ ಒಪ್ಪುತ್ತದೆ. ಮಂಗಳೂರಿನ ಬಾಸೆಲ್ ಮಿಶನ್ ೧೮೯೪ರಲ್ಲಿ ಪ್ರಕಟಿಸಿದ ಕಿಟ್ಟೆಲ್ ಕೋಶವೂ, ವಿ. ಕೃಷ್ಣ ಅವರು ಏಕಾಂಗಿಯಾಗಿ ದಶಕಗಳ ಕಾಲ ದುಡಿದು ರಚಿಸಿ ೨೦೧೯ರಲ್ಲಿ ಅಂತರ್ಜಾಲಕ್ಕೆ ಬಂದ, ಒಂದೂವರೆ ಲಕ್ಷಕ್ಕೂ ಹೆಚ್ಚು ಶಬ್ದಗಳ ‘ಅಲರ್’ ಕೋಶವೂ ಇಂದು ಉಚಿತವಾಗಿ ನೋಡಸಿಗುತ್ತವೆ. ಒಂದೇ ಶಬ್ದವನ್ನು ಎರಡರಲ್ಲಿಯೂ ನೋಡಿ ಹೋಲಿಸುವುದು ಮಕ್ಕಳಿಗೆ ಆಟದಷ್ಟು ಪ್ರಿಯವಾಗುವ ಅಭ್ಯಾಸ.

ಕಿವಿಯ ಮೂಲಕ ಓದು

ಚಿಕ್ಕ ತರಗತಿಗಳ ಮಾತು ಬೇರೆ. ಅವರಿಗೆ ಶಬ್ದಸಂಶೋಧನೆ ಬೇಡ, ಕಥೆ ಬೇಕು. ಇದನ್ನು ಚೆನ್ನಾಗಿ ಅರಿತಿದ್ದವರು ೧೮೭೪ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು. ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದ ಪಂಜೆಯವರು ಮಕ್ಕಳ ಪುಸ್ತಕಗಳ ಪ್ರಕಟಣೆಗಾಗಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಅವರ ಪದ್ಯಗಳು ತಲೆಮಾರುಗಳ ಕಾಲ ಉಳಿದುಬಂದುದು ಮಕ್ಕಳು ಅವುಗಳನ್ನು ಕಣ್ಣಿನಿಂದ ಓದುವ ಮೊದಲೇ ಕಿವಿಯಿಂದ ಕಲಿತಿದ್ದರು ಎಂಬುದರಿಂದ. ತುಳುವನ್ನೋ ಬ್ಯಾರಿಯನ್ನೋ ಆಡುತ್ತ ಬೆಳೆದು ಶಾಲೆಯಲ್ಲಿಯೇ ಮೊದಲ ಬಾರಿಗೆ ಗ್ರಾಂಥಿಕ ಕನ್ನಡವನ್ನು ಎದುರುಗೊಳ್ಳುವ ಮಗುವಿಗೆ ಈ ಕಿವಿಯ ದಾರಿ ಇನ್ನೂ ಅವಶ್ಯ.

ಧ್ವನಿಮುದ್ರಣದ ಸೌಲಭ್ಯ ಇಂದು ಪ್ರತಿ ಅಧ್ಯಾಪಕರ ಕಿಸೆಯಲ್ಲಿದೆ. ಒಬ್ಬ ಹಿರಿಯ ವಿದ್ಯಾರ್ಥಿನಿ ಗ್ರಂಥಾಲಯದ ಕಥೆಪುಸ್ತಕವೊಂದನ್ನು ಸ್ಪಷ್ಟವಾಗಿ ಓದಿ ಮುದ್ರಿಸಿಟ್ಟರೆ, ಎರಡನೆಯ ತರಗತಿಯ ಮಗು ಪುಸ್ತಕವನ್ನು ಕೈಯಲ್ಲಿ ಹಿಡಿದು, ಧ್ವನಿಯನ್ನು ಕೇಳುತ್ತ, ಬೆರಳನ್ನು ಸಾಲಿನ ಮೇಲೆ ಆಡಿಸಬಹುದು. ಪುಸ್ತಕಗಳ ಕೊರತೆಯಿರುವಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ ೨೦೧೫ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಿಂದ ಕನ್ನಡದ ಸಚಿತ್ರ ಕಥೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಮುದ್ರಿಸಿಕೊಳ್ಳಲೂ ಬೇರೆ ಭಾಷೆಗೆ ತಿರುಗಿಸಲೂ ಅಲ್ಲಿ ಅನುಮತಿಯಿದೆ. ಅದೇ ಕಥೆಯನ್ನು ತುಳುವಿಗೆ ತಿರುಗಿಸುವ ಕೆಲಸವನ್ನು ಆರನೆಯ ತರಗತಿಗೆ ಒಪ್ಪಿಸಿದರೆ ಓದೂ ಬರವಣಿಗೆಯೂ ಒಟ್ಟಿಗೇ ಸಾಗುತ್ತವೆ.

ಬೆಳ್ತಂಗಡಿಯ ಮಳೆ ಮತ್ತು ದೂರ

ಇಷ್ಟೆಲ್ಲವೂ ವಿದ್ಯುತ್ತು ಮತ್ತು ಅಂತರ್ಜಾಲ ಇದ್ದರೆ ಎಂಬ ಆಕ್ಷೇಪ ಬರುವುದು ನ್ಯಾಯವಾದುದೇ. ಪಶ್ಚಿಮ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ ತಾಲ್ಲೂಕಿನಲ್ಲಿ ಮಳೆಗಾಲವೆಂದರೆ ಮರ ಬಿದ್ದು ತಂತಿ ಹರಿಯುವ ಕಾಲ. ಘಟ್ಟದ ಮೇಲಿನ ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ, ನಡುವೆ ಗುಡ್ಡ, ತೋಡು, ಕಾಡು. ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ ೨೦೨೦–೨೧ರಲ್ಲಿ ಘಟ್ಟದ ತಪ್ಪಲಿನ ಮಕ್ಕಳು ದೂರವಾಣಿಯ ಸಂಕೇತಕ್ಕಾಗಿ ಗುಡ್ಡ ಹತ್ತಿ ಕುಳಿತುದನ್ನು ನಾಡೇ ಕಂಡಿತು. ಮನೆಯಲ್ಲಿ ಅಂತರ್ಜಾಲವಿದೆಯೆಂದು ಭಾವಿಸಿ ಯೋಜಿಸಿದ ಗ್ರಂಥಾಲಯ ಸೇವೆ ಇಂತಹ ಮಕ್ಕಳನ್ನು ಹೊರಗಿಡುತ್ತದೆ.

ಇದಕ್ಕೆ ಪರಿಹಾರ ದುಬಾರಿಯಲ್ಲ. ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಒಂದು ಸ್ಮೃತಿಪತ್ರದಲ್ಲಿ ತುಂಬಿಸಿ, ಅಂತರ್ಜಾಲ ಸಂಪರ್ಕವಿಲ್ಲದೆಯೂ ಓದಬಹುದು. ಅಂಗೈಯಗಲದ ಗಣಕಫಲಕವೊಂದರಲ್ಲಿ ಇದನ್ನೂ, ಕಥೆಗಳನ್ನೂ, ಶಾಲೆಯ ಸೂಚಿಯನ್ನೂ ಇರಿಸಿದರೆ, ಅದು ಕೋಣೆಯೊಳಗಿನ ಹತ್ತಾರು ಸಾಧನಗಳಿಗೆ ತಂತಿಯಿಲ್ಲದೆಯೇ ಎಲ್ಲವನ್ನೂ ಒದಗಿಸುತ್ತದೆ. ಬೇಕಾಗುವ ವಿದ್ಯುತ್ತು ಸಣ್ಣ ಸಂಚಯಕೋಶದಷ್ಟು. ಬೇಸಗೆಯಲ್ಲಿ ಒಮ್ಮೆ ಪಟ್ಟಣಕ್ಕೆ ಕೊಂಡೊಯ್ದು ಹೊಸದನ್ನು ತುಂಬಿಸಿ ತಂದರೆ ಮಳೆಗಾಲ ಕಳೆಯುತ್ತದೆ.

ಶಾಲೆಯ ಹೊರಗೆ ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. ಅವುಗಳನ್ನು ೨೦೧೯ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು; ೨೦೨೦ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಈಗ ‘ಅರಿವು ಕೇಂದ್ರ’ಗಳೆಂದು ಕರೆಯಲ್ಪಡುವ ಇವುಗಳಲ್ಲಿ ಹಲವೆಡೆ ಗಣಕಯಂತ್ರಗಳೂ ಬಂದಿವೆ. ಶಾಲೆಯ ಸೂಚಿ ಅಲ್ಲಿಯೂ, ಅಲ್ಲಿಯ ಸೂಚಿ ಶಾಲೆಯಲ್ಲಿಯೂ ಇದ್ದರೆ ಎರಡು ಸಣ್ಣ ಗ್ರಂಥಾಲಯಗಳು ಸೇರಿ ಒಂದು ದೊಡ್ಡ ಗ್ರಂಥಾಲಯವಾಗುತ್ತದೆ. ಇದಕ್ಕೆ ಬೇಕಾದುದು ಒಂದು ಪತ್ರವ್ಯವಹಾರ ಮಾತ್ರ.

ಓದುಗರೇ ಬರೆಯುವವರಾದಾಗ

ಮಕ್ಕಳನ್ನು ಗ್ರಂಥಾಲಯಕ್ಕೆ ಕಟ್ಟಿಹಾಕುವ ಅತ್ಯಂತ ಬಲವಾದ ಎಳೆ, ಅವರು ಬರೆದುದಕ್ಕೂ ಅಲ್ಲಿ ಸ್ಥಾನವಿದೆಯೆಂಬ ಅರಿವು. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿಯೂ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಲ್ಲಿಯೂ ವಿದ್ಯಾರ್ಥಿಗಳಿಗೆ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯ��ವ ತರಬೇತಿ ದೊರೆತಿದೆ. ತುಳು ವಿಕಿಪೀಡಿಯ ೨೦೧೬ರ ಆಗಸ್ಟಿನಲ್ಲಿ ಲೋಕಾರ್ಪಣೆಗೊಂಡಿತು. ತುಳು-ತಿಗಳಾರಿ ಲಿಪಿ ೨೦೨೪ರಲ್ಲಿ ಯೂನಿಕೋಡನ್ನು ಸೇರಿತು. ವಿಕಿಪೀಡಿಯದ ಒಂದು ನಿಯಮ ಗ್ರಂಥಾಲಯಕ್ಕೆ ಬಹಳ ಉಪಕಾರಿ: ಹೇಳಿದ ಪ್ರತಿ ಸಂಗತಿಗೂ ಪ್ರಕಟಿತ ಆಧಾರವನ್ನು ಕೊಡಬೇಕು. ತಮ್ಮೂರಿನ ಬಸದಿಯ ಬಗ್ಗೆ ನಾಲ್ಕು ವಾಕ್ಯ ಬರೆಯಬಯಸುವ ಹುಡುಗಿ ಆಧಾರಕ್ಕಾಗಿ ಪುಸ್ತಕವನ್ನು ಹುಡುಕಲೇಬೇಕು, ಪುಟಸಂಖ್ಯೆಯನ್ನು ಗುರುತಿಸಲೇಬೇಕು.

ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದ್ದಕ್ಕೆಲ್ಲ ಸಿದ್ಧ ಉತ್ತರ ಕೊಡುವ ಈ ದಿನಗಳಲ್ಲಿ ಇಂತಹ ಅಭ್ಯಾಸ ಹೆಚ್ಚು ಅಗತ್ಯ. ಆ ಯಂತ್ರಗಳು ಇಲ್ಲದ ಪುಸ್ತಕಗಳ ಹೆಸರನ್ನೂ ಧೈರ್ಯದಿಂದ ಹೇಳುವುದುಂಟು. ಯಂತ್ರ ಹೇಳಿದ ಐದು ಪುಸ್ತಕಗಳನ್ನು ಸೂಚಿಯಲ್ಲಿ ಹುಡುಕಿ ಯಾವುದು ನಿಜ, ಯಾವುದು ಕಲ್ಪಿತವೆಂದು ಪತ್ತೆಮಾಡುವುದನ್ನೇ ಒಂದು ಪಾಠವಾಗಿಸಬಹುದು.

ಪ್ರಕಟಿತ ಆಧಾರವೇ ಇಲ್ಲದ ಸಂಪತ್ತೂ ಈ ಊರುಗಳಲ್ಲಿ ವಿಪುಲವಾಗಿದೆ: ನಾಟಿಯ ಹಾಡುಗಳು, ಪಾಡ್ದನಗಳು, ಮದ್ದಿನ ಗಿಡಗಳ ಹೆಸರುಗಳು, ಮಾಯವಾಗುತ್ತಿರುವ ಭತ್ತದ ತಳಿಗಳ ನೆನಪುಗಳು. ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದು, ಅಲ್ಲಿ ಕಂಡ ಒಂದು ಉಪಕರಣದ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಧ್ವನಿಮುದ್ರಿಸಿ ತರಲು ಹೇಳಿದರೆ ಶಾಲಾ ಗ್ರಂಥಾಲಯದಲ್ಲಿ ಬೇರೆಲ್ಲಿಯೂ ಇಲ್ಲದ ಸಂಗ್ರಹವೊಂದು ಬೆಳೆಯುತ್ತದೆ. ಹೇಳಿದವರ ಹೆಸರು, ಊರು, ದಿನಾಂಕ, ಕೇಳಿದ ವಿದ್ಯಾರ್ಥಿಯ ತರಗತಿ, ಇವಿಷ್ಟನ್ನೂ ಬರೆದಿಡದ ಧ್ವನಿಮುದ್ರಿಕೆ ಹತ್ತು ವರ್ಷಗಳ ಅನಂತರ ಯಾರಿಗೂ ಪ್ರಯೋಜನಕ್ಕೆ ಬಾರದು. ಹೇಳಿದವರ ಒಪ್ಪಿಗೆಯನ್ನು ಮೊದಲೇ ಕೇಳುವುದು ಶಿಷ್ಟಾಚಾರ. ಆರಾಧನೆಗೆ ಸಂಬಂಧಿಸಿದ ಪಾಡ್ದನಗಳ ವಿಷಯದಲ್ಲಿ ಇದನ್ನು ಮೀರಲೇಕೂಡದು.

ಪುಸ್ತಕಗಳನ್ನು ಪ್ರತಿಬಿಂಬಿಸಿ ಗಣಕಯಂತ್ರದಲ್ಲಿಡುವ ಉತ್ಸಾಹದಲ್ಲಿ ಕೃತಿಸ್ವಾಮ್ಯವನ್ನು ಮರೆಯಬಾರದು. ೧೯೫೭ರ ಕಾಯಿದೆಯಂತೆ, ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು ಈಗ ಲೇಖಕನ ನಿಧನದ ಅನಂತರ ಅರವತ್ತು ವರ್ಷ ಉಳಿಯುತ್ತದೆ. ೧೯೩೭ರಲ್ಲಿ ನಿಧನರಾದ ಪಂಜೆಯವರ ಕೃತಿಗಳು ಎಂದೋ ಮುಕ್ತವಾಗಿವೆ. ೧೯೬೩ರಲ್ಲಿ ಗತಿಸಿದ ಗೋವಿಂದ ಪೈಗಳವು ೨೦೨೪ರ ಆರಂಭದಲ್ಲಿಯೂ, ೧೯೬೪ರಲ್ಲಿ ಗತಿಸಿದ ಹಳಕಟ್ಟಿಯವರವು ೨೦೨೫ರ ಆರಂಭದಲ್ಲಿಯೂ ಮುಕ್ತವಾದವು. ೧೯೯೭ರಲ್ಲಿ ಅಗಲಿದ ಕಾರಂತರ ಕೃತಿಗಳಿಗಾಗಿ ೨೦೫೭ರ ಅಂತ್ಯದವರೆಗೆ ಕಾಯಬೇಕು. ಅಲ್ಲಿಯವರೆಗೆ ಅವುಗಳ ಪ್ರತಿಗಳನ್ನು ಕೊಂಡು ಕಪಾಟಿನಲ್ಲಿಡುವುದೇ ಸರಿಯಾದ ಮಾರ್ಗ.

ದಾನಿಗಳ ಮುಂದೆ ಇರಿಸಬೇಕಾದ ಮಾತು ಇನ್ನೊಂದಿದೆ. ಯಂತ್ರಕ್ಕೆ ಒಮ್ಮೆ ಹಣ ಕೊಡುವವರು ಸಿಗುತ್ತಾರೆ. ಅದರ ಮೇಲೆ ಹೆಸರನ್ನು ಬರೆಯಿಸಲು ಜಾಗವಿರುತ್ತದೆ. ಗ್ರಂಥಪಾಲರ ಸಂಬಳಕ್ಕೆ ಪ್ರತಿವರ್ಷ ಕೊಡುವವರು ವಿರಳ. ಅವಧಿಯ ನಡುವೆ, ಮಧ್ಯಾಹ್ನದ ಬಿಡುವಿನಲ್ಲಿ, ಸಂಜೆ ಬಸ್ಸು ಬರುವವರೆಗೆ ಗ್ರಂಥಾಲಯವನ್ನು ತೆರೆದು ಕುಳಿತುಕೊಳ್ಳುವ ಒಬ್ಬರಿಲ್ಲದಿದ್ದರೆ ಹತ್ತು ಯಂತ್ರಗಳೂ ಧೂಳು ಹಿಡಿಯುತ್ತವೆ. ಒಬ್ಬರಿದ್ದರೆ ಒಂದೇ ಯಂತ್ರವೂ ಸಾಕು. ಇಬ್ಬರು ಅಥವಾ ಮೂವರು ಹಳೆಯ ವಿದ್ಯಾರ್ಥಿಗಳು ಸೇರಿ ಅರೆಕಾಲಿಕ ಗ್ರಂಥಪಾಲರೊಬ್ಬರ ಸಂಬಳವನ್ನು ಐದು ವರ್ಷ ವಹಿಸಿಕೊಳ್ಳುವುದು ಹೊಸ ಕಟ್ಟಡದ ದಾನಕ್ಕಿಂತ ಕಡಿಮೆಯದೇನೂ ಅಲ್ಲ.

ಹಣ ಕೊಡಲಾಗದ ಹಳೆಯ ವಿದ್ಯಾರ್ಥಿಗಳಿಗೂ ಮಾಡಬಹುದಾದ ಕೆಲಸವುಂಟು. ಶಾಲೆಗಳ ಹಳೆಯ ವಾರ್ಷಿಕ ಸಂಚಿಕೆಗಳು ಸಾಮಾನ್ಯವಾಗಿ ಶಾಲೆಯಲ್ಲಿಯೇ ಪೂರ್ತಿಯಾಗಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ವರ್ಷದ್ದು ಕಾಣೆಯಾಗಿರುತ್ತದೆ. ಅವು ಯಾರದೋ ಮನೆಯ ಅಟ್ಟದಲ್ಲಿರುತ್ತವೆ. ಅವುಗಳನ್ನು ತಂದು ಕೊಟ್ಟರೆ, ಒಂದು ಅಂಗುಲಕ್ಕೆ ಮುನ್ನೂರು ಬಿಂದುಗಳ ಸ್ಪಷ್ಟತೆಯಲ್ಲಿ ಪ್ರತಿಬಿಂಬಿಸಿ ಮೂಲಪ್ರತಿಯನ್ನು ಹಿಂದಿರುಗಿಸಬಹುದು. ಮೊಳೆಯಚ್ಚಿನ ಹಳೆಯ ಪುಟಗಳನ್ನು ಓದಿ ಪಠ್ಯವನ್ನಾಗಿಸುವ ತಂತ್ರಾಂಶ ಕನ್ನಡದ ಒತ್ತಕ್ಷರಗಳಲ್ಲಿ ಇನ್ನೂ ತಪ್ಪುತ್ತದೆ. ತಿದ್ದುವ ಕೆಲಸವನ್ನು ಮಕ್ಕಳಿಗೆ ವಹಿಸಬೇಕು. ಗಣಕಯಂತ್ರದ ಮೊದಲ ದಿನಗಳಲ್ಲಿ ಹಳೆಯ ಅಕ್ಷರಮಾದರಿಗಳಲ್ಲಿ ಜೋಡಿಸಿದ ಸಂಚಿಕೆಗಳ ಕಡತ ಸಿಕ್ಕರೆ ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಸಮೂಹಚಿತ್ರಗಳಲ್ಲಿ ನಿಂತವರು ಕುಳಿತವರು ಯಾರೆಂದು ಗುರುತಿಸಿ ಬರೆಯಿಸಲು ಹಿರಿಯರನ್ನು ಬೇಗನೆ ಕರೆಸುವುದು ಮೇಲು. ಪ್ರತಿಬಿಂಬಿಸುವ ಕೆಲಸಕ್ಕೆ ಮಾತ್ರ ಜೂನ್ ತಿಂಗಳಿಗಿಂತ ಜನವರಿ ಒಳ್ಳೆಯದು; ಆಗ ಕಾಗದದಲ್ಲಿ ತೇವವಿರುವುದಿಲ್ಲ, ಹಾಳೆಗಳು ಅಂಟಿಕೊಳ್ಳುವುದಿಲ್ಲ.